ನಮ್ಮಣ್ಣನ ಊರು ಇಂಗು

ದೀಪಾವಳಿಯ ಲೈಟಿನ ಸರ ಹುಡುಕುತ್ತಾ ಗರಾಜಿನ ಮೇಲಿನ ಶೆಲ್ಫಿಗೆ ಕೈ ಹಾಕಿದೆ. ಸರ ಸಿಗಲಿಲ್ಲ. ಅಂಗೈಯಗಲದ ಒಂದು ಮರದ ಹಲಗೆ ಜಾರಿ ಬಂದು ನನ್ನ ನೆತ್ತಿಗೆ ಬಡಿಯಿತು. ಬೇರೆ ಯಾವ ದೇಶದ ವಸ್ತುವಾಗಿದ್ದರೂ ಭುಜ ಸವರಿಕೊಂಡು ಕೆಳಗೆ ಬೀಳುತ್ತಿತ್ತು. ಇಷ್ಟು ಕರ್ತವ್ಯನಿಷ್ಠೆಯಿಂದ ನಟ್ಟನಡು ನೆತ್ತಿಗೇ ಬಡಿಯಬೇಕಾದರೆ ಅದರ ಹಿಂದೆ ಜರ್ಮನಿ ಇರಲೇಬೇಕು. ಎತ್ತಿ ನೋಡಿದೆ. ಇತ್ತು.

ಹಲಗೆಯ ಮೇಲೆ ಮುಳ್ಳುಬೇಲಿಯಂಥ ಅಕ್ಷರಗಳಲ್ಲಿ ಕೊರೆದಿದ್ದ ಮಾತಿಗೆ ‘ಗುಡಿಸುವ ವಾರ’ ಎಂದು ಅರ್ಥವಂತೆ. ಕೊರೆದವನು ನನ್ನ ಸ್ವಂತ ಅಣ್ಣ ಶ್ರೀನಿವಾಸ, ಮನೆಯವರ ಬಾಯಲ್ಲಿ ಸೀನ. ಫ್ರೀಮಾಂಟಿನಲ್ಲಿ ನನ್ನ ಮನೆಯಿಂದ ಮೂರು ಸಿಗ್ನಲ್ ಆಚೆಗೆ ಅವನ ಮನೆ. ಜರ್ಮನಿಯ ಒಂದು ಹಳ್ಳಿಯಲ್ಲಿ ವಾರಕ್ಕೊಂದು ಮನೆಯವರು ಸರದಿಯ ಮೇಲೆ ರಸ್ತೆ ಗುಡಿಸಬೇಕಂತೆ. ಯಾರ ಸರದಿಯೋ ಅವರ ಬಾಗಿಲ ಹಿಡಿಗೆ ಇಂಥ ಹಲಗೆ ನೇತುಹಾಕುತ್ತಾರಂತೆ. ಗುಡಿಸಿ ಮುಗಿಸಿದವರು ಅದನ್ನು ಪಕ್ಕದ ಮನೆಗೆ ದಾಟಿಸಬೇಕು. ಈ ಪದ್ಧತಿಯನ್ನು ಕ್ಯಾಲಿಫೋರ್ನಿಯಕ್ಕೆ ದಯಪಾಲಿಸಲು ಹೊರಟ ಅಣ್ಣ ಒಂದಷ್ಟು ಹಲಗೆ ಮಾಡಿ ತನ್ನ ಬೀದಿಯ ಮನೆಗಳಿಗೆಲ್ಲ ತೂಗುಹಾಕಿ ಬಂದ. ಒಬ್ಬರು ಯಾವುದೋ ಹೊಸ ಮತದ ಪ್ರಚಾರಕರು ಬಂದು ಹೋದರೆಂದು ತಿಳಿದು ಹಲಗೆಯನ್ನು ಕಸದ ಡಬ್ಬಿಗೆ ಹಾಕಿದರು. ಇನ್ನೊಬ್ಬರು ಮನೆ ಮಾರುವ ಏಜೆಂಟರ ಕಾಟವೆಂದು ತಿಳಿದು, ಮಾರುವುದಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಎದುರುಮನೆಯ ಅಜ್ಜಿ ಅದರ ಮೇಲೆ ಈರುಳ್ಳಿ ಹೆಚ್ಚುತ್ತಿದ್ದರು. ಯಾರೂ ಗುಡಿಸಲಿಲ್ಲ. ಪ್ರತಿ ಶನಿವಾರ ಏಪ್ರನ್ ಕಟ್ಟಿಕೊಂಡು ಇಡೀ ಬೀದಿ ಗುಡಿಸುತ್ತಿದ್ದವನು ಅಣ್ಣನೊಬ್ಬನೇ. ಉಳಿದ ಒಂದು ಹಲಗೆ ನನ್ನ ಪಾಲಿಗೆ ಬಂತು. ಅದನ್ನು ನಾನು ಎಲ್ಲಿಟ್ಟಿದ್ದೆ ಎಂಬುದು ಮೊನ್ನೆ ನನ್ನ ನೆತ್ತಿಗೆ ತಿಳಿಯಿತು.

ಆ ಹಳ್ಳಿಯ ಹೆಸರು ಉದ್ದವಾಗಿದೆ. ಮೊದಲರ್ಧ ಕೆಮ್ಮಿದಂತೆ ಕೇಳಿಸುತ್ತದೆ, ಕೊನೆಗೆ ‘ಇಂಗನ್’ ಎಂದು ಮುಗಿಯುತ್ತದೆ. ನಮ್ಮ ಕೈಲಾದ ಭಾಗವನ್ನು ಮಾತ್ರ ಇಟ್ಟುಕೊಂಡು ನಾವು ಅದನ್ನು ಇಂಗು ಎಂದೇ ಕರೆಯುತ್ತೇವೆ. ‘ನಿಮ್ಮಣ್ಣ ಇವತ್ತು ಬೆಳಿಗ್ಗೆಯಿಂದ ಇಂಗಿನಲ್ಲಿದ್ದಾರೆ’ ಎಂದು ವಿಮಲಾ ಅತ್ತಿಗೆ ಫೋನಿನಲ್ಲಿ ಹೇಳಿದರೆ ಆ ದಿನ ನಾನು ಅವರ ಮನೆಯ ಕಡೆ ಕಾರು ತಿರುಗಿಸುತ್ತಿರಲಿಲ್ಲ.

ಅವನಿಗೂ ಆ ಊರಿಗೂ ಏನು ಸಂಬಂಧ ಎಂದು ನೀವು ಕೇಳಬೇಕು. ಕೇಳಿ. ಮದುವೆಗೆ ಮುಂಚೆ, ಬೆಂಗಳೂರಿನ ಒಂದು ಪ್ರಿಂಟಿಂಗ್ ಮೆಷೀನ್ ಕಂಪನಿಯವರು ಅವನನ್ನು ತರಬೇತಿಗೆಂದು ಜರ್ಮನಿಗೆ ಕಳಿಸಿದ್ದರು. ಕಾರ್ಖಾನೆ ಇದ್ದ ಪೇಟೆಯಲ್ಲಿ ಬಾಡಿಗೆ ದುಬಾರಿ. ಹಾಗಾಗಿ ಅರ್ಧ ಗಂಟೆ ಬಸ್ಸಿನಾಚೆಗಿನ ಈ ಇಂಗಿನಲ್ಲಿ, ಹೆಲ್ಗಾ ಎಂಬ ಹೆಂಗಸಿನ ಮನೆಯ ಅಟ್ಟದ ಕೋಣೆಯಲ್ಲಿ ಅವನನ್ನು ಇಳಿಸಿದರು. ಅಲ್ಲಿ ಅವನು ಇದ್ದದ್ದು ಒಂದು ವರ್ಷ, ಅದರ ಮೇಲೆ ಸ್ವಲ್ಪ. ಅಷ್ಟೇ. ಅಷ್ಟಕ್ಕೇ ಮಹಾರಾಯ ‘ನಮ್ಮ ಊರಲ್ಲಿ’ ಎಂದು ಶುರು ಮಾಡಿದರೆ ಕೇಳುವವರು ಅದು ಬೆಂಗಳೂರಿರಬಹುದು, ಹೆಚ್ಚೆಂದರೆ ಫ್ರೀಮಾಂಟಿರಬಹುದು ಎಂದುಕೊಳ್ಳಬೇಕು. ಅಲ್ಲ, ಇಂಗು. ಹುಟ್ಟಿ ಇಪ್ಪತ್ತೈದು ವರ್ಷ ಬೆಳೆದ ಕಾಟನ್‌ಪೇಟೆ ಅವನ ಬಾಯಲ್ಲಿ ಎಂದೂ ‘ನಮ್ಮ’ ಆಗಲಿಲ್ಲ. ಅದು ಬರೀ ‘ಆ ಮನೆ’.

ಕಾಟನ್‌ಪೇಟೆಯ ಆ ಮನೆಯಲ್ಲಿ ಎರಡು ಕೋಣೆ, ಒಂದು ನಡುಮನೆ ಇತ್ತು. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಇಬ್ಬರ ಮಕ್ಕಳು, ಎಂದೋ ಬಂದು ಹೋಗುವುದನ್ನು ಮರೆತ ಒಬ್ಬ ಸೋದರತ್ತೆ. ರಾತ್ರಿ ಹಾಸಿಗೆ ಹಾಸಿದರೆ ನೆಲ ಕಾಣುತ್ತಿರಲಿಲ್ಲ. ವಠಾರಕ್ಕೆಲ್ಲ ಒಂದೇ ನಲ್ಲಿ. ಬೆಳಿಗ್ಗೆ ಅಲ್ಲಿ ನಡೆಯುತ್ತಿದ್ದ ಜಗಳಕ್ಕೆ ಹೋಲಿಸಿದರೆ ಇಲ್ಲಿನ ಫ್ರೀವೇ ಒಂದು ಧ್ಯಾನಮಂದಿರ. ಇದರ ಬಗ್ಗೆ ನನಗೆ ಯಾವ ಮೋಹವೂ ಇಲ್ಲ. ಆದರೆ ಇಂಗಿನಲ್ಲಿ ಊರಿಗೆಲ್ಲ ಒಂದೇ ಬ್ರೆಡ್ಡಿನ ಒಲೆ ಇತ್ತಂತೆ, ಹೆಂಗಸರು ಚೀಟಿ ಎತ್ತಿ ಸರದಿ ಗೊತ್ತುಮಾಡಿಕೊಳ್ಳುತ್ತಿದ್ದರಂತೆ ಎಂದು ಅಣ್ಣ ಕಣ್ಣು ಅರೆಮುಚ್ಚಿ ವರ್ಣಿಸುವಾಗ ನನ್ನ ಮೈ ಉರಿಯುತ್ತಿತ್ತು. ನಮ್ಮ ವಠಾರಕ್ಕೆ ಒಂದೇ ನಲ್ಲಿ ಇದ್ದರೆ ಅದು ದರಿದ್ರ. ಅವರ ಊರಿಗೆ ಒಂದೇ ಒಲೆ ಇದ್ದರೆ ಅದು ಸಂಸ್ಕೃತಿ.

ಮನೆಗಳ ಮುಂದೆ ಸಗಣಿಯ ತಿಪ್ಪೆ ಹಾಕುತ್ತಿದ್ದರಂತೆ, ಮನೆಯ ಹಿಂದೆ ಅಲ್ಲ, ಎಲ್ಲರಿಗೂ ಕಾಣುವ ಹಾಗೆ ರಸ್ತೆಯ ಕಡೆಗೆ. ತಿಪ್ಪೆ ದೊಡ್ಡದಾದಷ್ಟೂ ಮನೆತನ ದೊಡ್ಡದು. ಹೆಣ್ಣು ಕೊಡುವವರು ಮೊದಲು ತಿಪ್ಪೆ ನೋಡುತ್ತಿದ್ದರಂತೆ. ಇದನ್ನು ಅಣ್ಣ ಹೇಳಿದ್ದು ಯಾರದೋ ಮನೆಯ ಗೃಹಪ್ರವೇಶದ ಊಟದಲ್ಲಿ, ಕೋಸಂಬರಿ ಬಡಿಸುವ ಹೊತ್ತಿಗೆ. ಚರ್ಚಿನ ಗಂಟೆ ಹಗಲೂ ರಾತ್ರಿ ಕಾಲುಗಂಟೆಗೊಮ್ಮೆ ಹೊಡೆಯುತ್ತಿತ್ತಂತೆ, ‘ಎಂಥಾ ನೆಮ್ಮದಿ ಗೊತ್ತಾ’ ಎನ್ನುತ್ತಿದ್ದ. ಕಾಟನ್‌ಪೇಟೆಯಲ್ಲಿ ಬೆಳಗಿನ ಮೈಕಿಗೆ ದಿಂಬಿನಡಿ ತಲೆ ಹುದುಗಿಸಿ ಬೈಯುತ್ತಿದ್ದವನು ಇವನೇ.

ಊರಿನ ಇತಿಹಾಸವೂ ಅವನಿಗೆ ಕಂಠಪಾಠ. ನಾನೂರು ವರ್ಷದ ಹಿಂದಿನ ‘ಮೂವತ್ತು ವರ್ಷದ ಯುದ್ಧ’ದಲ್ಲಿ ಸೈನಿಕರು ಬಂದು ಊರು ಸುಟ್ಟರಂತೆ, ಮೇಲೆ ಪ್ಲೇಗು ಬಂತಂತೆ, ಕೊನೆಗೆ ಉಳಿದ ಕೆಲವೇ ಮನೆಯವರು ಮತ್ತೆ ಮರದ ತೊಲೆ ನಿಲ್ಲಿಸಿ, ಸಂದಿಗೆ ಮಣ್ಣು ಮೆತ್ತಿ ಊರು ಕಟ್ಟಿದರಂತೆ. ಆಮೇಲೆ ಒಂದು ಕಾಲಕ್ಕೆ ಆಲೂಗಡ್ಡೆ ಕೊಳೆತು, ಅರ್ಧ ಊರು ಹಡಗು ಹತ್ತಿ ಅಮೇರಿಕಕ್ಕೆ ಬಂತಂತೆ. ‘ನಮ್ಮ ಊರಿನವರೂ ನಮ್ಮ ಹಾಗೇ ಇಲ್ಲಿಗೆ ಬಂದವರು ಕಣೆ’ ಎನ್ನುತ್ತಿದ್ದ. ಆ ಒಂದೇ ವಾಕ್ಯದ ಎರಡು ‘ನಮ್ಮ’ಗಳಲ್ಲಿ ಯಾವುದರೊಳಗೆ ನಾನಿದ್ದೇನೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆಲೂಗಡ್ಡೆಯಿಂದ ಅವನು ಸೀದಾ ಊರಿಗೆ ಮೊದಲ ಟ್ರ್ಯಾಕ್ಟರ್ ಬಂದ ಕಥೆಗೆ ಹಾರುತ್ತಿದ್ದ. ಒಮ್ಮೆ ನಾನು ನಡುವೆ ಕಾಲು ಚಾಚಿದೆ.

“ಅಣ್ಣ, ಈ ಆಲೂಗಡ್ಡೆಗೂ ಟ್ರ್ಯಾಕ್ಟರಿಗೂ ಮಧ್ಯ ಹಿಟ್ಲರ್ ಅಂತ ಒಬ್ಬ ಬಂದಿದ್ದನಲ್ಲ. ಆಗ ನಿಮ್ಮ ಊರಿನೋರು ಏನ್ಮಾಡ್ತಿದ್ರು?”

“ಅದು ಸಣ್ಣ ಊರು ಕಣೆ ವನಜಾ. ಅಲ್ಲಿಗೆಲ್ಲ ಅದು ಬಂದಿರ್ಲಿಲ್ಲ.”

“ಓಹೋ, ಬಸ್ಸಿರಲಿಲ್ಲವೇನೋ ಪಾಪ,” ಎಂದೆ. ಅವನು ಎದ್ದು ಹೋಗಿ ಬ್ರೆಡ್ಡು ತಿರುವಿ ಹಾಕಿದ.

ಆ ಬ್ರೆಡ್ಡಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಹಲ್ಲುಗಳಿಗೆ ಅನ್ಯಾಯ ಮಾಡಿದಂತೆ. ವಾರಕ್ಕೊಮ್ಮೆ ಅವನು ಕಪ್ಪನೆಯ ಹುಳಿ ಹಿಟ್ಟಿನ ಬ್ರೆಡ್ಡು ಸುಟ್ಟು ನಮ್ಮೆಲ್ಲರಿಗೂ ಹಂಚುತ್ತಿದ್ದ. ನನ್ನ ಮಗಳು ಅನು ಒಮ್ಮೆ ಅದನ್ನು ಕೈಯಲ್ಲಿ ಹಿಡಿದು ತೂಗಿ, “ಮಾಮ, ಈಸ್ ದಿಸ್ ಫುಡ್ ಆರ್ ಅ ಡೋರ್ ಸ್ಟಾಪ್?” ಎಂದು ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದಳು. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಆದರೆ ತಿರಸ್ಕಾರ ಮಾತ್ರ ನನ್ನಿಂದ ಹಾಗೆಯೇ ಬಂದಿದೆ.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯಬಹುದಿತ್ತು. ಆದರೆ ಹೋದ ವರ್ಷ ಅಣ್ಣ ರಿಟೈರಾದ. ರಿಟೈರಾದ ಮರುವಾರವೇ ಊಟದ ಟೇಬಲಿನಲ್ಲಿ, ಸಾರು ಕಲಸುತ್ತಾ, ಇನ್ನು ಇಂಗಿಗೆ ಹೋಗಿ ನೆಲೆಸುವುದೆಂದು ಹೇಳಿಬಿಟ್ಟ. ಹೆಲ್ಗಾ ತೀರಿಕೊಂಡಿದ್ದಳು. ಅವಳ ಮಗ ಡೀಟರ್ ಹೊಸ ವರ್ಷಕ್ಕೊಮ್ಮೆ ಅಣ್ಣನಿಗೆ ಫೋನು ಮಾಡುವವನು, ಮನೆ ಖಾಲಿ ಬಿದ್ದಿದೆ ಎಂದು ಮಾತಿಗೆ ಹೇಳಿದ್ದನಂತೆ. ಅಷ್ಟೇ ಸಾಕಾಯಿತು. ಇಲ್ಲಿನ ಮನೆ ಮಾರಿ ಅದನ್ನು ಕೊಳ್ಳುವುದು ಎಂದು ನಿಶ್ಚಯ.

ಅತ್ತಿಗೆ ಅಂದೇ ಸಂಜೆ ನನ್ನ ಮನೆಗೆ ಬಂದರು. ಚಪ್ಪಲಿಯನ್ನೂ ಬಿಡದೆ ಸೋಫಾದಲ್ಲಿ ಕೂತರು. ಅವರು ಸಿಟ್ಟಾಗುವುದನ್ನು ನಾನು ಕಂಡವಳಲ್ಲ; ಮೂವತ್ತು ಚಿಲ್ಲರೆ ವರ್ಷ ಆ ಬ್ರೆಡ್ಡು ತಿಂದೂ ನಗುತ್ತಿದ್ದ ಹೆಂಗಸು.

“ನಂಗೆ ಅಲ್ಲಿ ಯಾರೇ ಇದಾರೆ ವನಜಾ? ಇಲ್ಲಿ ನಂದು ಅಂತ ಒಂದು ಗ್ರೋಸರಿ ಅಂಗಡಿ ಇದೆ, ದೇವಸ್ಥಾನ ಇದೆ, ಸಂಗೀತ ಕಲಿಯೋಕೆ ಬರೋ ಮಕ್ಕಳಿದಾರೆ. ಅಲ್ಲಿ ಹಸು ಜೊತೆ ಮಾತಾಡ್ಲಾ?”

“ನೀವು ಬರಲ್ಲ ಅಂತ ಹೇಳಿ ಅತ್ತಿಗೆ.”

“ಹೇಳಿದೆ. ‘ಒಂದ್ಸಲ ನೋಡಿದ್ರೆ ನೀನೇ ವಾಪಸ್ ಬರಲ್ಲ ಅಂತೀಯ’ ಅಂದ್ರು. ನೀನೇ ಏನಾದ್ರೂ ಮಾಡು. ನಿನ್ನ ಬಾಯಿಗೆ ಅವರು ಹೆದರ್ತಾರೆ.”

ಇದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. ಆದರೆ ನನ್ನ ಬಾಯಿಗೆ ಕೆಲಸ ಬೀಳುವ ಮೊದಲೇ ಲೇನಾ ಬಂದಳು.

ಲೇನಾ ಡೀಟರನ ಮಗಳು, ಹೆಲ್ಗಾಳ ಮೊಮ್ಮಗಳು. ಇಲ್ಲೇ ಹತ್ತಿರದ ಪ್ಲೆಸೆಂಟನ್ನಿನ ಯಾವುದೋ ಆಫೀಸಿಗೆ ಕೆಲಸಕ್ಕೆಂದು ಬಂದಿಳಿದಿದ್ದಳು. ಸುದ್ದಿ ಕೇಳಿ ಅಣ್ಣ ಸಂಬಂಧಿಕರ ಮನೆಯ ಮಗುವಿಗೆ ನಾಮಕರಣ ಮಾಡುವವನ ಹಾಗೆ ಓಡಾಡಿದ. ಇಂಗಿನ ಕಥೆ ಕೇಳಿ ಕೇಳಿ ಕಿವಿ ತೂತಾಗಿದ್ದ ನಾಲ್ಕೈದು ಕನ್ನಡದ ಮನೆಯವರನ್ನೂ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದ. ‘ಇಷ್ಟು ದಿನ ನಾನು ಹೇಳಿದ್ದನ್ನ ನೀವೆಲ್ಲ ತಮಾಷೆ ಮಾಡಿದ್ರಿ, ಇನ್ನು ಅವಳ ಬಾಯಿಂದಲೇ ಕೇಳಿ’ ಎಂದು ಫೋನಿನಲ್ಲಿ ಹೇಳುತ್ತಿದ್ದ. ಆಲೂಗಡ್ಡೆಯ ಸಲಾಡು ಮಾಡಿದ, ಬ್ರೆಡ್ಡು ಸುಟ್ಟ. ಅತ್ತಿಗೆ ಅವನಿಗೆ ಕಾಣದಂತೆ ಬಿಸಿಬೇಳೆಬಾತು ಮಾಡಿ, ಪಾತ್ರೆಯನ್ನು ಲಾಂಡ್ರಿ ರೂಮಿನಲ್ಲಿ ಮುಚ್ಚಿಟ್ಟರು.

ಲೇನಾ ಬಂದವಳು ಸಲಾಡು ನೋಡಿದಳು, ಬ್ರೆಡ್ಡು ನೋಡಿದಳು, ಮುಖ ಸಣ್ಣಗೆ ಮಾಡಿಕೊಂಡಳು. ಅವಳು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ. “ತಪ್ಪು ತಿಳ್ಕೋಬೇಡಿ, ಇದನ್ನ ತಿಂದು ತಿಂದೇ ನಾನು ಊರು ಬಿಟ್ಟಿದ್ದು. ಏನಾದ್ರೂ ಖಾರ ಇದೆಯಾ?”

ಲಾಂಡ್ರಿ ರೂಮಿನಿಂದ ಪಾತ್ರೆ ಹೊರಬಂತು. ಇಂಗಿನ ಮಗಳು ಇಂಗಿನ ಒಗ್ಗರಣೆ ಹಾಕಿದ ಬಿಸಿಬೇಳೆಬಾತನ್ನು ಎರಡು ಸಲ ಬಡಿಸಿಕೊಂಡು ಮೂಗು ಒರೆಸಿಕೊಳ್ಳುತ್ತಾ ತಿನ್ನುವಾಗ ನಾನು ಅಣ್ಣನನ್ನು ನೋಡಿದೆ. ಇಂಗು ತಿಂದ ಮಂಗ ಎಂದು ನಮ್ಮಲ್ಲಿ ಸುಮ್ಮನೆ ಹೇಳುವುದಿಲ್ಲ.

ಆದರೂ ಅವನು ಸೋಲಲಿಲ್ಲ. ಎಲ್ಲರೂ ತಟ್ಟೆ ಹಿಡಿದು ಕೂತ ಮೇಲೆ ಶುರು ಮಾಡಿದ. ಚರ್ಚಿನ ಮುಂದಿನ ದೊಡ್ಡ ಲಿಂಡೆನ್ ಮರ ಹೇಗಿದೆ ಎಂದು ಕೇಳಿದ.

“ಕಡಿದ್ರು. ಒಳಗೆ ಕೊಳೆತಿತ್ತು. ಈಗ ಅಲ್ಲಿ ಎರಡು ಕಾರು ನಿಲ್ಲುತ್ತೆ.”

ಬ್ರೆಡ್ಡಿನ ಒಲೆಮನೆ?

“ಪೇಟೆಯವರು ಯಾರೋ ತಗೊಂಡು ರಜೆಗೆ ಬರೋರಿಗೆ ಬಾಡಿಗೆ ಕೊಡ್ತಾರೆ. ಒಲೆ ಜಾಗದಲ್ಲಿ ಬಾತ್‌ಟಬ್ ಇದೆ.”

ಅಂಗಡಿ?

“ನಾನು ಹುಟ್ಟೋಕೆ ಮುಂಚೆನೇ ಮುಚ್ಚಿತ್ತು. ಈಗ ಬಸ್ ಸ್ಟಾಪಿನ ಹತ್ರ ಒಂದು ಮೆಷೀನಿದೆ. ಕಾಸು ಹಾಕಿದ್ರೆ ಮೊಟ್ಟೆ ಬರುತ್ತೆ.”

ಶಾಲೆ ಮುಚ್ಚಿದೆ. ಪಾದ್ರಿ ತಿಂಗಳಿಗೊಮ್ಮೆ ಬರುತ್ತಾನೆ, ಅವನಿಗೆ ಬೇರೆ ಊರುಗಳೂ ಇವೆ. ಹಸು ಸಾಕುವವನು ಒಬ್ಬನೇ ಉಳಿದಿದ್ದಾನೆ, ಅವನ ಮೇಲೂ ವಾಸನೆಯ ದೂರು ಹೋಗಿದೆ. ಒಂದೊಂದು ಉತ್ತರಕ್ಕೂ ನಾವೆಲ್ಲ ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅತ್ತಿಗೆಯಂತೂ ಗಟ್ಟಿಯಾಗಿ ನಗದಿದ್ದರೂ, ಲೇನಾಳ ತಟ್ಟೆಗೆ ಕೇಳದೆಯೇ ಮತ್ತೊಂದು ಸೌಟು ಹಾಕಿದರು.

ಅಣ್ಣ ಕೊನೆಯ ಬಾಣ ಬಿಟ್ಟ. “ಫೈರ್ ಬ್ರಿಗೇಡ್ ಇದೆಯಲ್ಲ?” ಊರಿನ ಗಂಡಸರೇ ಸೇರಿ ನಡೆಸುವ ಅಗ್ನಿಶಾಮಕ ದಳ. ಅದರಲ್ಲಿ ತಾನೂ ಇದ್ದೆ, ಅವರ ಜೊತೆ ಹಾಡುತ್ತಿದ್ದೆ, ಮೇಯರು ತನ್ನ ಹೆಗಲ ಮೇಲೆ ಕೈಹಾಕುತ್ತಿದ್ದ ಎಂದೆಲ್ಲ ನಮಗೆ ಎಷ್ಟು ಸಲ ಹೇಳಿದ್ದನೋ.

“ಇದೆ, ಅದೊಂದೇ ಇರೋದು,” ಎಂದಳು ಲೇನಾ. ಆಮೇಲೆ ಚಮಚ ಕೆಳಗಿಟ್ಟಳು. “ಅವರ ಶೆಡ್ ಮೊದಲು ಯಾರ ಮನೆಯಾಗಿತ್ತು ಗೊತ್ತಾ ನಿಮಗೆ?”

ಅಣ್ಣನಿಗೆ ಗೊತ್ತಿರಲಿಲ್ಲ.

“ದನದ ವ್ಯಾಪಾರ ಮಾಡ್ತಿದ್ದ ಒಂದು ಯಹೂದಿ ಕುಟುಂಬದ್ದು. ಊರಿಗೆಲ್ಲ ದನ ಕೊಡ್ತಿದ್ದೋರು ಅವರೇ. ಒಂದು ದಿನ ಅವರನ್ನ ಕರ್ಕೊಂಡು ಹೋದ್ರು. ಊರಿನೋರೆಲ್ಲ ಕಿಟಕಿ ಹಿಂದೆ ನಿಂತು ನೋಡಿದ್ರಂತೆ. ನನ್ನ ಮುತ್ತಜ್ಜ ಕಿಟಕಿ ಹಿಂದೆ ಇರ್ಲಿಲ್ಲ, ಬೀದೀಲೇ ಇದ್ದ, ನಾಜಿ ಯೂನಿಫಾರ್ಮ್ ಹಾಕ್ಕೊಂಡು. ಸ್ಕೂಲಿನ ಪ್ರಾಜೆಕ್ಟಿಗೆ ಅಂತ ನಾನು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮಜ್ಜಿನೂ ಬಿಡಲಿಲ್ಲ. ಪೇಟೆಯ ಲೈಬ್ರರೀಲಿ ಓದಿ ತಿಳ್ಕೊಂಡೆ. ಆಮೇಲೆ ನಂಗೆ ಅಲ್ಲಿರೋಕೆ ಆಗಲಿಲ್ಲ.”

ಯಾರೂ ನಗಲಿಲ್ಲ. ನಾನು ವರ್ಷಗಟ್ಟಲೆ ಹಿಟ್ಲರನಿಗೆ ಬಸ್ಸು ಸಿಗಲಿಲ್ಲವೆಂಬ ತಮಾಷೆ ಮಾಡಿಕೊಂಡು ಬಂದವಳು. ನಿಜ ಎದುರಿಗೆ ಬಂದು ಕೂತಾಗ ನೀರಿನ ಲೋಟ ಎತ್ತಿಕೊಂಡೆ.

ಅಣ್ಣ ಮೆಲ್ಲಗೆ ಹೇಳಿದ, “ನಂಗೆ ಆ ಊರು ತುಂಬಾ ಶಾಂತವಾಗಿ ಕಾಣ್ತಿತ್ತು.”

“ನಿಮಗೆ ಶಾಂತಿ ಅನ್ನಿಸಿದ್ದು ಅವರು ಬಾಯಿ ಮುಚ್ಕೊಂಡಿದ್ದದ್ದು,” ಎಂದಳು ಲೇನಾ. ಹುಡುಗಿಗೆ ಅವನನ್ನು ನೋಯಿಸುವ ಮನಸ್ಸಿರಲಿಲ್ಲ. ಮುಖ ನೋಡಿ ಮಾತು ಬದಲಿಸಲು ಹೊರಟು, ಇನ್ನಷ್ಟು ಕೆಡಿಸಿದಳು. “ನಮ್ಮಜ್ಜಿ ನಿಮ್ಮನ್ನ ಆಗಾಗ ನೆನೀತಿದ್ರು. ಅಟ್ಟದ ಮೇಲಿನ ಮಾತಾಡದ ಹುಡುಗ ಅಂತಿದ್ರು. ಸಂಜೆ ಆದ್ರೆ ನೀವು ಮನೆ ಹಿಂದಿನ ಬೆಂಚಿನ ಮೇಲೆ ಒಬ್ಬರೇ ಕೂತಿರ್ತಿದ್ರಂತೆ. ಫೈರ್ ಬ್ರಿಗೇಡಿನ ಹಬ್ಬಕ್ಕೆ ಒಂದ್ಸಲ ಕರೆದ್ರೆ, ಬಾಗಿಲ ಹತ್ರ ಸ್ವಲ್ಪ ಹೊತ್ತು ನಿಂತು ಹೊರಟು ಹೋದ್ರಂತೆ. ಪಾಪ, ಕಾಯಿಲೆ ಏನೋ ಅಂತ ಅಜ್ಜಿ ಮೆಟ್ಟಿಲ ಮೇಲೆ ಸೂಪ್ ಇಟ್ಟು ಬರ್ತಿದ್ರಂತೆ.”

ಇಡೀ ಕೋಣೆ ತಟ್ಟೆ ನೋಡತೊಡಗಿತು. ಮೂವತ್ತು ವರ್ಷದ ಹಾಡು, ಹೆಗಲ ಮೇಲಿನ ಕೈ, ಎಲ್ಲವೂ ಮೆಟ್ಟಿಲ ಮೇಲಿನ ಒಂದು ಬಟ್ಟಲು ಸೂಪಿಗೆ ಬಂದು ನಿಂತಿತ್ತು. ನಾನು ಬೇಕೆಂದು ಕಾಯುತ್ತಿದ್ದ ಗಳಿಗೆ ಇದೇ. ಬಂದಾಗ ಅದು ನನಗೆ ಕೆಲಸಕ್ಕೆ ಬರಲಿಲ್ಲ. ಅಣ್ಣ ಯಾರದೋ ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದ. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ.

ಅವನು ಸಿಂಕಿನ ಮುಂದೆ ನಿಂತು ಅದೇ ಲೋಟ ತೊಳೆಯುತ್ತಿದ್ದ.

“ನಮಗೆಲ್ಲ ಯಾಕೋ ಅಷ್ಟೊಂದು ಸುಳ್ಳು ಹೇಳಿದೆ?” ಎಂದೆ. ಸಮಾಧಾನ ಹೇಳಲೆಂದು ಹೋದವಳು; ಬಾಯಿಗೆ ಬಂದದ್ದು ಇದು.

“ಹೇಳದೆ ಏನ್ಮಾಡ್ಲಿ? ‘ಅಲ್ಲಿ ನನ್ನ ಯಾರೂ ಮಾತಾಡಿಸ್ತಿರ್ಲಿಲ್ಲ, ಅದಕ್ಕೇ ಆ ಊರು ಇಷ್ಟ’ ಅಂದ್ರೆ ನೀವೆಲ್ಲ ಏನನ್ನೋರು?”

“ಏನದು ಹಾಗಂದ್ರೆ?”

ಅವನು ನಲ್ಲಿ ನಿಲ್ಲಿಸಿದ. “ಆ ಮನೇಲಿ ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೂ ಸೀನ, ಸೀನ, ಸೀನ. ಸೀನ ನೀರು ಹಿಡಿ. ಸೀನ ಅಜ್ಜಿ ಔಷಧಿ. ಸೀನ ಚಿಕ್ಕಪ್ಪನ್ನ ಕರ್ಕೊಂಡು ಬಾ. ಸಂಡಾಸಿನಲ್ಲಿ ಕೂತ್ರೂ ಬಾಗಿಲು ಬಡಿಯೋರು. ಪರೀಕ್ಷೆಗೆ ನಾನು ಬಸ್ ಸ್ಟ್ಯಾಂಡಲ್ಲಿ ಕೂತು ಓದಿದೀನಿ, ಗೊತ್ತಾ ನಿಂಗೆ? ಅಲ್ಲಿ ಸಾವಿರ ಜನ ಇದ್ರೂ ಒಬ್ಬರೂ ಸೀನ ಅಂತಿರ್ಲಿಲ್ಲ. ಇಂಗಿಗೆ ಹೋದ್ಮೇಲೆ ಒಂದು ವರ್ಷ ನನ್ನ ಹೆಸರು ಯಾರೂ ಕರೀಲಿಲ್ಲ ಕಣೆ. ಅವರಿಗೆ ನನ್ನ ಹೆಸರು ಹೇಳೋಕೇ ಬರ್ತಿರ್ಲಿಲ್ಲ. ಸಂಜೆ ಬೆಂಚಿನ ಮೇಲೆ ಕೂತ್ರೆ, ಎದುರಿಗೆ ಒಂದು ಸೇಬಿನ ಮರ, ಅದರಾಚೆ ಹೊಲ. ಯಾರೂ ಏನೂ ಕೇಳ್ತಿರ್ಲಿಲ್ಲ.”

ಇಂಗು ಎಂದು ಅವನೇ ಅಂದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಇಷ್ಟು ವರ್ಷ ಅವನು ಆ ಊರಿನ ಪೂರ್ತಿ ಹೆಸರನ್ನೇ, ಕೆಮ್ಮಿನ ಸಮೇತ, ಹೇಳುತ್ತಿದ್ದ.

“ನಾನೂ ಕರೀತಿದ್ನಾ, ಸೀನ ಸೀನ ಅಂತ?” ಎಂದೆ.

“ನೀನಾ?” ಅವನು ತಿರುಗಿ ನನ್ನನ್ನು ನೋಡಿದ. “ಎಲ್ಲರಿಗಿಂತ ಜಾಸ್ತಿ ನೀನೇ. ಅಣ್ಣ ಜಡೆ ಬಿಚ್ಚಿಹೋಯ್ತು, ಅಣ್ಣ ಪೆನ್ಸಿಲ್ ಮುರೀತು, ಅಣ್ಣ ಅವಳು ಹೊಡೆದಳು. ನಿನ್ನಿಂದ ತಪ್ಪಿಸ್ಕೊಳ್ಳೋಕೇ ಅರ್ಧ ಜರ್ಮನಿಗೆ ಹೋದದ್ದು.”

ನಗುತ್ತಲೇ ಹೇಳಿದ. ನಾನೂ ನಗಬೇಕಾಗಿತ್ತು. ಅವನು ವಿಮಾನ ಹತ್ತಿ ಹೋದ ಮೇಲೆ ಒಂದು ತಿಂಗಳು ನಾನು ಅವನ ಹಳೆಯ ಸ್ವೆಟರು ಹಾಕಿಕೊಂಡೇ ಶಾಲೆಗೆ ಹೋಗುತ್ತಿದ್ದೆ, ಸುಡು ಬಿಸಿಲಲ್ಲೂ. ಅದನ್ನು ಹೇಳಬೇಕೆನ್ನಿಸಿತು, ಹೇಳಿದರೆ ಅದೂ ಕೂಗಿದಂತೆಯೇ ಆಗುತ್ತದೆ ಎನ್ನಿಸಿ ಬಿಟ್ಟೆ. ನಾನು ಬಾಯಿಗೆ ಬಂದ ಮಾತನ್ನು ನುಂಗಿದ ಸಂದರ್ಭಗಳು ಹೆಚ್ಚಿಲ್ಲ. ಇದು ದಾಖಲಾಗಲಿ.

“ಸರಿ, ಇನ್ನು ಆ ಮನೆ ಕೊಳ್ಳೋ ಹುಚ್ಚು ಬಿಟ್ಟೆ ತಾನೆ?” ಎಂದೆ.

“ಕೊಳ್ಳಲ್ಲ. ಆದ್ರೆ ಒಂದ್ಸಲ ಹೋಗಿ ಬರ್ತೀನಿ.”

“ಇಷ್ಟೆಲ್ಲ ಕೇಳಿದ್ಮೇಲೂ? ಮೊಟ್ಟೆ ಮೆಷೀನ್ ನೋಡೋಕಾ?”

“ಆ ಶೆಡ್ ನೋಡ್ಬೇಕು,” ಎಂದ. “ಅದರ ಮುಂದೆ ದಿನಾ ಬಸ್ಸಿಗೆ ಕಾಯ್ತಿದ್ದೆ ಕಣೆ. ಯಾರ ಮನೆ ಅಂತ ಒಂದಿನಾನೂ ಕೇಳ್ಳಿಲ್ಲ.”

ನಾನು ಅವನ ಕೈಯಿಂದ ಲೋಟ ತೆಗೆದುಕೊಂಡು ಒರೆಸಿಟ್ಟೆ.

ಸೆಪ್ಟೆಂಬರಿನಲ್ಲಿ ಹೋದ. ಅಮೇರಿಕದ ಪಾಸ್‌ಪೋರ್ಟಿಗೆ ಅವರು ವೀಸಾ ಇಲ್ಲದೆ ಬಿಡುವುದು ಮೂರು ತಿಂಗಳು, ಅಷ್ಟಕ್ಕೂ ಟಿಕೆಟ್ ಮಾಡಿಸಿದ. ಡೀಟರ್ ಮನೆಯ ಬೀಗದಕೈ ಪಕ್ಕದವರ ಹತ್ತಿರ ಕೊಟ್ಟಿದ್ದನಂತೆ. ಏರ್‌ಪೋರ್ಟಿನಲ್ಲಿ ಅಣ್ಣ ನನ್ನ ಕೈ ಹಿಡಿದು, “ದಿನಾ ಫೋನ್ ಮಾಡ್ಬೇಡ ಮಾರಾಯ್ತಿ,” ಎಂದ. ನಾನು ಬಹಳ ಗತ್ತಿನಿಂದ, ನನಗೇನು ಬೇರೆ ಕೆಲಸವಿಲ್ಲವೇ ಎಂದೆ. ಹೇವರ್ಡಿನ ಆಸ್ಪತ್ರೆಯಲ್ಲಿ ದಿನವಿಡೀ ಜನರ ಎಕ್ಸ್‌ರೇ ತೆಗೆಯುವ ನನಗೆ, ‘ಅಲುಗಾಡಬೇಡಿ, ಉಸಿರು ಹಿಡಿಯಿರಿ’ ಎಂದು ಬೇರೆಯವರನ್ನು ಸುಮ್ಮನಿರಿಸಿಯೇ ಸಂಬಳ. ನಾನು ಫೋನು ಮಾಡಲಿಲ್ಲ. ಅವನೂ ಮಾಡಲಿಲ್ಲ. ವಾರಕ್ಕೊಮ್ಮೆ ಅತ್ತಿಗೆಗೆ ಒಂದು ಮೆಸೇಜು ಬರುತ್ತದೆ, ‘ಚೆನ್ನಾಗಿದ್ದೇನೆ. ಚಳಿ.’ ಒಂದು ಸಲ ಮಾತ್ರ ಸ್ವಲ್ಪ ಉದ್ದ ಬರೆದ: ಆ ಶೆಡ್ಡಿನ ಗೋಡೆಗೆ ಆ ಮನೆಯವರ ಹೆಸರಿನ ಒಂದು ಫಲಕ ಹಾಕಿಸಲಾಗುತ್ತದೆಯೇ ಎಂದು ಮೇಯರನ್ನು ಕೇಳಿದನಂತೆ, ಮೇಯರು ನೋಡೋಣ ಎಂದನಂತೆ, ಮರುದಿನದಿಂದ ಊರಿನಲ್ಲಿ ಅವನಿಗೆ ನಮಸ್ಕಾರ ಹೇಳುವವರು ಕಡಿಮೆಯಾದರಂತೆ, ಲೇನಾಳ ಅಪ್ಪನೂ ಒಂದು ದಿನ ಬಂದು ಹೋದನಂತೆ, ಏನೂ ಮಾತಾಡಲಿಲ್ಲವಂತೆ. ‘ಮತ್ತೆ ಕೇಳ್ತೀನಿ’ ಎಂದು ಮುಗಿಸಿದ್ದ. ನಮ್ಮ ಮನೆಯಲ್ಲಿ ಕರೆದವರಿಗೆಲ್ಲ ಹೂಂ ಎಂದು ಓಡಿದವನು, ಯಾರೂ ಕರೆಯದ ಊರಿನಲ್ಲಿ ಈಗ ತಾನೇ ಬಾಗಿಲು ಬಡಿಯುತ್ತಿದ್ದಾನೆ. ಹುಚ್ಚ. ಇದನ್ನು ನಾನು ಕಾರಿನಲ್ಲಿ ಅನುವಿಗೆ ಹೇಳಿ ಕಿಟಕಿಯ ಕಡೆ ತಿರುಗಿದೆ. ಅವಳು ನನ್ನನ್ನೇ ನೋಡಿ, “ಅಮ್ಮ, ಆರ್ ಯು ಪ್ರೌಡ್ ಆಫ್ ಮಾಮ?” ಎಂದಳು. ಸುಮ್ಮನೆ ಕಾರು ಓಡಿಸು ಎಂದೆ.

ಹೋದ ಭಾನುವಾರ ಅತ್ತಿಗೆಯನ್ನು ನೋಡಲು ಹೋದೆ. ಪಾಪ, ಇಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ, ಬೇಜಾರಾಗಿರಬೇಕು, ಹೋಗಿ ನಾಲ್ಕು ಮಾತಾಡಿಸಿ ಬರೋಣವೆಂದು ನನ್ನ ಘನ ಉದ್ದೇಶ. ಅವರು ಹಿತ್ತಲಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಕಾಫಿ ಹಿಡಿದು, ಗುಡ್ಡದ ಕಡೆ ನೋಡುತ್ತಾ ಕೂತಿದ್ದರು. ಟಿವಿ ಇಲ್ಲ, ಹಾಡಿಲ್ಲ, ಮೊಬೈಲು ಒಳಗೆಲ್ಲೋ. ನನಗೂ ಕಾಫಿ ಕೊಟ್ಟರು. ನಾನು ಕೂತು ಶುರು ಮಾಡಿದೆ. ಅಣ್ಣ ಊಟಕ್ಕೆ ಏನು ಮಾಡಿಕೊಳ್ಳುತ್ತಾನೋ, ಆ ಚಳಿಗೆ ಅವನ ಮಂಡಿ ಹಿಡಿದುಕೊಳ್ಳುತ್ತದೆ, ಆ ಮೇಯರನ ಸಹವಾಸ ಬೇಕಿತ್ತೇ, ಡಿಸೆಂಬರಿಗೆ ಬಂದರೆ ಸಾಕಪ್ಪ.

ಅತ್ತಿಗೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಮುಖದಲ್ಲಿ ಎಂದಿನ ನಗುವೇ.

“ಮನೆ ಎಷ್ಟು ಶಾಂತವಾಗಿದೆ ನೋಡು ವನಜಾ,” ಎಂದರು. “ನಿಮ್ಮಣ್ಣ ಮೂವತ್ತು ವರ್ಷ ಆ ಊರಿನ ಶಾಂತಿ ಬಗ್ಗೆ ಮಾತಾಡೋದನ್ನ ಒಂದು ದಿನಾನೂ ನಿಲ್ಲಿಸಿರಲಿಲ್ಲ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ನನ್ನ ಮಂಡಿಯ ಮೇಲೆ ಕೈಯಿಟ್ಟು, ಮಗುವಿಗೆ ಹೇಳುವ ಹಾಗೆ, “ಕಾಫಿ ಕುಡಿ,” ಎಂದರು.

ಕುಡಿದೆ.